ಮುಚ್ಚಿದ ಬೀರುವಿನೊಳಗಿನ ಅಂಕಗಳು



ನಮ್ಮ ಮನೆಗಳಲ್ಲಿ ಮಕ್ಕಳ ಅಂಕಪಟ್ಟಿಗಳಿಗೆ ಗೌರವದ ಸ್ಥಾನವೊಂದಿದೆ. ಜಮೀನಿನ ಪತ್ರ, ಪಡಿತರ ಚೀಟಿ, ಜ್ಞಾನಸ್ನಾನದ ಪ್ರಮಾಣಪತ್ರಗಳ ಜೊತೆಯಲ್ಲಿ ಅವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿರಿಸುವ ತಾಯಂದಿರನ್ನು ನೀವೆಲ್ಲರೂ ಬಲ್ಲಿರಿ. ಮಗು ಗಳಿಸಿದ ಅಂಕವು ಮನೆಗೆ ತಿಳಿಯುವುದು, ಅದರ ದಾಖಲೆ ಮನೆಯಲ್ಲಿ ಉಳಿಯುವುದು ನಮಗೆ ತೀರ ಸಹಜವಾದ ಸಂಗತಿಯಾಗಿ ಕಾಣುತ್ತದೆ. ಆದರೆ ಚರಿತ್ರೆಯ ಪುಟಗಳನ್ನು ತಿರುವಿದಾಗ, ಮಗುವಿನ ಪರೀಕ್ಷೆಯ ಫಲಿತಾಂಶವನ್ನು ಹೆತ್ತವರು ನೋಡಬಹುದೇ ಎಂಬ ಪ್ರಶ್ನೆಯೇ ಒಂದು ಕಾಲದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತ್ತೆಂಬುದು ತಿಳಿದುಬರುತ್ತದೆ.

ಈ ಪ್ರಶ್ನೆ ತೀವ್ರವಾಗಿ ಎದ್ದದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಕುಟುಂಬಗಳ ಮಕ್ಕಳೂ ಮೊಮ್ಮಕ್ಕಳೂ ಇಂದು ಆ ದೇಶದ ಶಾಲೆಗಳಲ್ಲಿ ಓದುತ್ತಿದ್ದಾರೆ. ಊರು ಬದಲಿಸಿದಾಗಲೋ, ಮಗುವಿಗೆ ವಿಶೇಷ ಕಲಿಕೆಯ ನೆರವು ಬೇಕಾದಾಗಲೋ, ಹಿಂದಿನ ವರ್ಷಗಳ ಪರೀಕ್ಷಾ ಅಂಕಗಳನ್ನು ಎಲ್ಲಿಂದ ತರಬೇಕೆಂಬ ಚಿಂತೆ ಅಲ್ಲಿನ ತಂದೆತಾಯಿಗಳನ್ನು ಕಾಡುತ್ತದೆ. ಆ ಚಿಂತೆಗೆ ಇಂದು ಉತ್ತರವಿದೆ. ಆದರೆ ಆ ಉತ್ತರ ದೊರೆತ ಬಗೆಯನ್ನು ತಿಳಿದರೆ, ನಮ್ಮ ಕೈಯಲ್ಲಿರುವ ಅಂಕಪಟ್ಟಿಯನ್ನು ನಾವು ನೋಡುವ ರೀತಿಯೂ ಬದಲಾದೀತು.

ಅಳತೆಗೋಲಿನ ಹುಟ್ಟು

ಅಮೆರಿಕದ ಶಾಲೆಗಳಲ್ಲಿ 19ನೆಯ ಶತಮಾನದ ಮೊದಲ ಭಾಗದವರೆಗೆ ಪರೀಕ್ಷೆಯೆಂದರೆ ಬಾಯಿಪಾಠವನ್ನು ಒಪ್ಪಿಸುವುದೇ ಆಗಿತ್ತು. ಊರಿನ ಹಿರಿಯರು ಶಾಲೆಗೆ ಬಂದು ಕುಳಿತು, ಎದ್ದು ನಿಂತ ಮಕ್ಕಳನ್ನು ಪ್ರಶ್ನೆ ಕೇಳುತ್ತಿದ್ದರು. ಹೆತ್ತವರ ಎದುರಿನಲ್ಲೇ ನಡೆಯುತ್ತಿದ್ದ ಆ ಪರೀಕ್ಷೆಯಲ್ಲಿ ಮುಚ್ಚುಮರೆ ಇರಲಿಲ್ಲ. 1845ರಲ್ಲಿ ಬಾಸ್ಟನ್ ನಗರದ ಶಾಲಾ ಸಮಿತಿಯು ಹೊಸ ಕ್ರಮವೊಂದನ್ನು ತಂದಿತು. ಸುಧಾರಕ ಹೊರೇಸ್ ಮ್ಯಾನ್ ಅವರ ಪ್ರೇರಣೆಯಿಂದ ರೂಪುಗೊಂಡ ಈ ಕ್ರಮದಲ್ಲಿ ಎಲ್ಲ ಶಾಲೆಗಳ ಮಕ್ಕಳಿಗೂ ಒಂದೇ ಅಚ್ಚಾದ ಪ್ರಶ್ನೆಪತ್ರಿಕೆ, ಒಂದೇ ಅವಧಿ, ಬರೆದೇ ಕೊಡಬೇಕಾದ ಉತ್ತರ. ಯಾವ ಶಾಲೆಯ ಮಕ್ಕಳು ಎಷ್ಟು ಬಲ್ಲರೆಂದು ಹೋಲಿಸಿ ನೋಡಲು ಅದೊಂದು ಅಳತೆಗೋಲಾಯಿತು. ಇಂದಿನ ಪ್ರಮಾಣೀಕೃತ ಪರೀಕ್ಷೆಗಳ ಮೂಲವನ್ನು ಇತಿಹಾಸಕಾರರು ಅಲ್ಲಿಯೇ ಗುರುತಿಸುತ್ತಾರೆ.

ಇನ್ನೊಂದು ಧಾರೆ ಫ್ರಾನ್ಸಿನಿಂದ ಹರಿದುಬಂದಿತು. ಸಾಮಾನ್ಯ ತರಗತಿಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ ಅವರಿಗೆ ನೆರವಾಗಬೇಕೆಂಬ ಉದ್ದೇಶದಿಂದ ಪ್ಯಾರಿಸಿನ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಅವರು ತಿಯೊಡೋರ್ ಸಿಮೋನ್ ಅವರೊಡನೆ ಸೇರಿ 1905ರಲ್ಲಿ ಪರೀಕ್ಷಾಮಾಲೆಯೊಂದನ್ನು ಸಿದ್ಧಪಡಿಸಿದರು. ಮಗುವಿನ ಬುದ್ಧಿಶಕ್ತಿಯು ಎಂದೆಂದಿಗೂ ಬದಲಾಗದ ಪರಿಮಾಣವೆಂಬ ಮಾತನ್ನು ಬಿನೆ ಅವರು ಒಪ್ಪಿರಲಿಲ್ಲ; ಅಭ್ಯಾಸದಿಂದ, ಒಳ್ಳೆಯ ಬೋಧನೆಯಿಂದ ಅದು ಬೆಳೆಯುತ್ತದೆಂಬುದು ಅವರ ದೃಢ ನಂಬಿಕೆಯಾಗಿತ್ತು. ಆದರೆ ಆ ಪರೀಕ್ಷೆಯು ಕಡಲು ದಾಟಿದಾಗ ಅದರ ಹಿಂದಿದ್ದ ಎಚ್ಚರಿಕೆ ದಾಟಲಿಲ್ಲ. 1916ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲೂಯಿಸ್ ಟರ್ಮನ್ ಅವರು ಅದನ್ನು ಪರಿಷ್ಕರಿಸಿ ಐ.ಕ್ಯೂ. ಎಂಬ ಒಂದೇ ಒಂದು ಸಂಖ್ಯೆಯನ್ನು ಜನಪ್ರಿಯಗೊಳಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಹದಿನೇಳು ಲಕ್ಷಕ್ಕೂ ಮಿಕ್ಕಿದ ಸೈನಿಕರನ್ನು ಇಂತಹ ಪರೀಕ್ಷೆಗಳಿಂದ ಅಳೆಯಲಾಯಿತು. ಯುದ್ಧ ಮುಗಿದ ಮೇಲೆ ಅದೇ ಉತ್ಸಾಹವು ಶಾಲೆಗಳತ್ತ ತಿರುಗಿತು.

ಮುಂದೆ ಯಂತ್ರಗಳೂ ಬಂದವು. 1930ರ ದಶಕದಲ್ಲಿ ಪೆನ್ಸಿಲ್ಲಿನ ಗುರುತುಗಳನ್ನು ವಿದ್ಯುತ್ತಿನಿಂದ ಓದುವ ಯಂತ್ರ, 1950ರ ದಶಕದಲ್ಲಿ ಬೆಳಕಿನಿಂದ ಓದುವ ಯಂತ್ರ. ಸಾವಿರ ಮಕ್ಕಳ ಉತ್ತರಗಳನ್ನು ಒಬ್ಬ ಶಿಕ್ಷಕ ತಿಂಗಳುಗಟ್ಟಲೆ ತಿದ್ದುವ ಕಾಲ ಹೋಗಿ, ಕೆಲವೇ ಗಂಟೆಗಳಲ್ಲಿ ಎಲ್ಲವೂ ಅಂಕಗಳಾಗಿ ಹೊರಬೀಳುವ ಕಾಲ ಬಂದಿತು.

ಬೀಗ ಹಾಕಿದ ಕಡತ

ಈ ಅಂಕಗಳೆಲ್ಲ ಎಲ್ಲಿಗೆ ಹೋದವು? ಪ್ರತಿಯೊಂದು ಮಗುವಿನ ಹೆಸರಿನಲ್ಲಿ ಶಾಲೆಯು ಒಂದು ಕಡತವನ್ನು ತೆರೆಯಿತು. ಮಗು ಒಂದನೆಯ ತರಗತಿಗೆ ಸೇರಿದ ದಿನದಿಂದ ಶಾಲೆ ಬಿಡುವವರೆಗಿನ ಹಾಜರಿ, ಆರೋಗ್ಯ, ಪರೀಕ್ಷೆಯ ಅಂಕ, ನಡತೆ, ಶಿಕ್ಷಕರ ಅಭಿಪ್ರಾಯ ಎಲ್ಲವೂ ಅದರೊಳಗೆ ಪದರಪದರವಾಗಿ ಸೇರುತ್ತಾ ಹೋದವು. ಉದ್ದೇಶ ಒಳ್ಳೆಯದೇ ಆಗಿತ್ತು. ಹೊಸದಾಗಿ ಬರುವ ಶಿಕ್ಷಕರಿಗೆ ಮಗುವಿನ ಪೂರ್ವಪರಿಚಯ ಸಿಗಬೇಕೆಂಬುದೇ ಆ ಉದ್ದೇಶ. ಆದರೆ ಕಡತವು ಬೆಳೆದಂತೆ ಅದರ ಬೀಗವೂ ಬಲವಾಯಿತು. ಪೊಲೀಸರು ಕೇಳಿದರೆ, ಮುಂದಿನ ಉದ್ಯೋಗದಾತರು ಕೇಳಿದರೆ ಅನೇಕ ಶಾಲೆಗಳು ಅದನ್ನು ತೋರಿಸುತ್ತಿದ್ದವು. ತಂದೆತಾಯಿಗಳು ಕೇಳಿದರೆ ಮಾತ್ರ, ಅದು ವೃತ್ತಿಪರರಿಗೆ ಮಾತ್ರ ಅರ್ಥವಾಗುವ ವಿಷಯವೆಂಬ ಉತ್ತರ ಬರುತ್ತಿತ್ತು.

ಶಾಲೆಗಳ ಅಂಜಿಕೆಯಲ್ಲಿ ಸ್ವಲ್ಪ ಸತ್ಯವೂ ಇದ್ದಿತೆಂಬುದನ್ನು ನಾವು ಒಪ್ಪಬೇಕು. ಐ.ಕ್ಯೂ. ಎಂಬ ಸಂಖ್ಯೆಯನ್ನು ಕೇಳಿದ ತಂದೆ ಅದನ್ನೇ ಮಗನ ಹಣೆಬರಹವೆಂದು ತಿಳಿದರೆ? ಅಕ್ಕನ ಅಂಕವನ್ನು ತಂಗಿಯ ಮುಂದೆ ಹಿಡಿದು ತಾಯಿ ಪ್ರತಿದಿನ ಮೂದಲಿಸಿದರೆ? ಇಂತಹ ಭಯವು ಪೂರ್ತಿಯಾಗಿ ಆಧಾರವಿಲ್ಲದ್ದಲ್ಲ. ಆದರೆ ಅದೇ ಸಂಖ್ಯೆಯನ್ನು ನಂಬಿ ಶಾಲೆಯೇ ಆ ಮಗುವಿನ ದಾರಿಯನ್ನು ನಿರ್ಧರಿಸುತ್ತಿದ್ದಾಗ, ಅದರ ಸರಿತಪ್ಪುಗಳನ್ನು ಪ್ರಶ್ನಿಸುವವರು ಯಾರು?

ಇದರಿಂದಾದ ಅನ್ಯಾಯಕ್ಕೆ ಕ್ಯಾಲಿಫೋರ್ನಿಯಾ ರಾಜ್ಯದ ಮಾಂಟೆರೆ ಪ್ರಾಂತ್ಯದ ಪ್ರಕರಣವೊಂದು ಸಾಕ್ಷಿ. ಅಲ್ಲಿನ ಒಂಬತ್ತು ಮಕ್ಕಳ ಮನೆಮಾತು ಸ್ಪ್ಯಾನಿಷ್. ಮೆಕ್ಸಿಕೋ ಮೂಲದ ಕುಟುಂಬಗಳಿಗೆ ಸೇರಿದವರು. ಅವರಿಗೆ ಇಂಗ್ಲಿಷಿನಲ್ಲಿ ಬುದ್ಧಿಮಾಪನ ಪರೀಕ್ಷೆ ನಡೆಸಿ, ಕಡಿಮೆ ಅಂಕ ಬಂದಿತೆಂದು ಬುದ್ಧಿಮಾಂದ್ಯ ಮಕ್ಕಳ ತರಗತಿಯಲ್ಲಿ ಕೂರಿಸಲಾಗಿತ್ತು. ಅವರನ್ನೇ ಮತ್ತೆ ಅವರ ತಾಯ್ನುಡಿ ಬಲ್ಲವರಿಂದ ಪರೀಕ್ಷಿಸಿದಾಗ, ಹೆಚ್ಚಿನವರ ಅಂಕ ಆ ತರಗತಿಗೆ ನಿಗದಿಯಾಗಿದ್ದ ಮಿತಿಯನ್ನು ದಾಟಿತು. 1970ರಲ್ಲಿ ಈ ಪ್ರಕರಣವು ಫೆಡರಲ್ ನ್ಯಾಯಾಲಯದ ಮುಂದೆ ಬಂದಾಗ, ಮಕ್ಕಳನ್ನು ಅವರ ಮನೆಮಾತಿನಲ್ಲಿಯೇ ಪರೀಕ್ಷಿಸಬೇಕೆಂಬ ಒಪ್ಪಂದಕ್ಕೆ ರಾಜ್ಯವು ಒಳಪಟ್ಟಿತು.

ಓದುಗರೇ, ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಇನ್ನೊಂದು ನುಡಿ ಎಂಬ ಪರಿಸ್ಥಿತಿ ಕೊಂಕಣಿ, ತುಳು, ಕನ್ನಡ, ತಮಿಳು ಮಾತನಾಡುವ ನಮ್ಮ ಕುಟುಂಬಗಳಿಗೆ ಹೊಸದೇನಲ್ಲ. ಭಾಷೆ ಬಾರದ ಮಗುವನ್ನು ಬುದ್ಧಿಯಿಲ್ಲದ ಮಗುವೆಂದು ಬಗೆಯುವುದು ಎಷ್ಟು ಸುಲಭವೆಂಬುದನ್ನು ನಾವು ಬಲ್ಲೆವು. ಅಂತಹ ತಪ್ಪು ಕಾಗದದ ಮೇಲೆ ದಾಖಲಾಗಿ, ಆ ಕಾಗದವು ಹೆತ್ತವರಿಗೆ ಕಾಣದಂತೆ ಉಳಿದರೆ ಆ ಮಗುವಿನ ಗತಿಯೇನೆಂಬುದನ್ನು ಒಮ್ಮೆ ಯೋಚಿಸಿ ನೋಡಿ.

ಬೀಗ ತೆರೆದ ಕಾನೂನು

ಬದಲಾವಣೆ ನಿಧಾನವಾಗಿ ಬಂದಿತು. 1961ರಲ್ಲಿ ನ್ಯೂಯಾರ್ಕ್ ರಾಜ್ಯದ ನಾಸೋ ಪ್ರಾಂತ್ಯದಲ್ಲಿ ತಂದೆಯೊಬ್ಬರಿಗೆ, ಅವರ ಮಗನಿಗೆ ಮಾನಸಿಕ ಚಿಕಿತ್ಸೆಯ ಅಗತ್ಯವಿದೆಯೆಂದು ಶಾಲೆಯವರು ತಿಳಿಸಿದರು. ಹಾಗಿದ್ದಲ್ಲಿ ಶಾಲೆಯಲ್ಲಿರುವ ದಾಖಲೆಗಳನ್ನು ತೋರಿಸಿರೆಂದು ತಂದೆ ಕೇಳಿದಾಗ ಅನುಮತಿ ದೊರೆಯಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. ತಡೆಯುವ ಕಾನೂನು ಬೇರೆ ಯಾವುದೂ ಇಲ್ಲದಿರುವಾಗ ತನ್ನ ಮಗುವಿನ ಶಾಲಾ ದಾಖಲೆಯನ್ನು ನೋಡುವ ಹಕ್ಕು ತಂದೆಗಿದೆಯೆಂದು ನ್ಯಾಯಾಲಯವು ತೀರ್ಪಿತ್ತಿತು. ಆದರೆ ಅದು ಒಂದು ರಾಜ್ಯದ ಒಂದು ನ್ಯಾಯಾಲಯದ ಮಾತಷ್ಟೇ ಆಗಿತ್ತು.

1969ರಲ್ಲಿ ರಸೆಲ್ ಸೇಜ್ ಪ್ರತಿಷ್ಠಾನವು ಶಿಕ್ಷಣ ತಜ್ಞರನ್ನೂ ನ್ಯಾಯವಾದಿಗಳನ್ನೂ ಒಂದೆಡೆ ಸೇರಿಸಿ ವಿದ್ಯಾರ್ಥಿಗಳ ದಾಖಲೆಗಳ ಬಗ್ಗೆ ಚರ್ಚಿಸಿತು. 1970ರಲ್ಲಿ ಮಾರ್ಗಸೂಚಿಗಳನ್ನು ಪ್ರಕಟಿಸಿತು. 1974ರ ಮಾರ್ಚ್ ತಿಂಗಳಲ್ಲಿ, ಭಾನುವಾರದ ಪತ್ರಿಕೆಗಳೊಡನೆ ಮನೆಮನೆಗೆ ತಲುಪುತ್ತಿದ್ದ 'ಪರೇಡ್' ಎಂಬ ಪುರವಣಿಯು ಶಾಲೆಗಳ ರಹಸ್ಯ ದಾಖಲೆಗಳು ಮಕ್ಕಳಿಗೆ ಮಾಡಬಹುದಾದ ಹಾನಿಯ ಕುರಿತು ಲೇಖನವೊಂದನ್ನು ಪ್ರಕಟಿಸಿತು. ಅದು ವಾಟರ್‌ಗೇಟ್ ಹಗರಣದ ಕಾಲ. ಗುಟ್ಟಾಗಿ ಇಟ್ಟ ಕಡತಗಳೆಂದರೆ ಜನರಿಗೆ ಸಂಶಯ ಬಂದಿದ್ದ ಕಾಲ. ನ್ಯೂಯಾರ್ಕಿನ ಸೆನೆಟರ್ ಜೇಮ್ಸ್ ಬಕ್ಲಿ ಅವರು ಶಿಕ್ಷಣ ಮಸೂದೆಗೆ ತಿದ್ದುಪಡಿಯೊಂದನ್ನು ಮಂಡಿಸಿದರು. 1974ರ ಆಗಸ್ಟ್ 21ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರು ಅದಕ್ಕೆ ಸಹಿ ಹಾಕಿದರು. ಅವರು ಅಧಿಕಾರ ವಹಿಸಿಕೊಂಡು ಆಗ ಎರಡು ವಾರವೂ ತುಂಬಿರಲಿಲ್ಲ.

'ಕೌಟುಂಬಿಕ ಶೈಕ್ಷಣಿಕ ಹಕ್ಕುಗಳು ಮತ್ತು ಖಾಸಗಿತನದ ಕಾಯಿದೆ' ಎಂಬುದು ಅದರ ಹೆಸರು. 'ಫರ್ಪಾ' ಎಂಬುದು ಬಳಕೆಯ ಹೆಸರು. ಆ ವರ್ಷದ ನವೆಂಬರ್ 19ರಂದು ಅದು ಜಾರಿಗೆ ಬಂದಿತು. ಹಳೆಯ ಶಿಫಾರಸು ಪತ್ರಗಳ ಗೋಪ್ಯತೆಯ ಬಗ್ಗೆ ವಿಶ್ವವಿದ್ಯಾನಿಲಯಗಳು ಆತಂಕ ವ್ಯಕ್ತಪಡಿಸಿದ್ದರಿಂದ ವರ್ಷದ ಕೊನೆಯ ದಿನ ಅದಕ್ಕೆ ತಿದ್ದುಪಡಿಯೂ ಆಯಿತು. ಆದರೆ ತಿರುಳು ಹಾಗೆಯೇ ಉಳಿಯಿತು: ಮಗುವಿನ ಬಗ್ಗೆ ಶಾಲೆಯು ಬರೆದಿಟ್ಟುಕೊಂಡಿರುವುದನ್ನು ಹೆತ್ತವರು ನೋಡಬಹುದು, ಹೊರಗಿನವರಿಗೆ ತೋರಿಸಬೇಕಾದರೆ, ಕಾನೂನು ಹೆಸರಿಸಿದ ಕೆಲವು ಸಂದರ್ಭಗಳ ಹೊರತು, ಹೆತ್ತವರ ಲಿಖಿತ ಒಪ್ಪಿಗೆ ಬೇಕು. ಅಲ್ಲಿಯವರೆಗೆ ನಡೆದುಬಂದಿದ್ದ ಪದ್ಧತಿಯನ್ನು ಈ ಕಾನೂನು ತಲೆಕೆಳಗು ಮಾಡಿತೆಂದೇ ಹೇಳಬೇಕು.

ಹೆತ್ತವರು ನಡೆಯಬೇಕಾದ ದಾರಿ

ಇಂದು ಆ ದೇಶದಲ್ಲಿ ಮಗುವಿನ ಹಳೆಯ ಅಂಕಗಳು ಬೇಕಾದ ತಂದೆತಾಯಿಗಳು ಮೊದಲು ಮಗು ಓದುವ ಶಾಲೆಗೆ, ಅಥವಾ ಆ ಶಾಲೆಯನ್ನು ನಡೆಸುವ ಶಿಕ್ಷಣ ಜಿಲ್ಲೆಯ ಕಚೇರಿಗೆ, ಬರಹದಲ್ಲಿ ಮನವಿ ಕೊಡಬೇಕು. ಮಗುವಿನ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಓದಿದ ಶಾಲೆ ಮತ್ತು ವರ್ಷ, ಬೇಕಾದ ಪರೀಕ್ಷೆಯ ಹೆಸರು ಇವಿಷ್ಟು ಅದರಲ್ಲಿದ್ದರೆ ಹುಡುಕುವವರಿಗೂ ಅನುಕೂಲ. ಮನವಿ ತಲುಪಿದ 45 ದಿನಗಳೊಳಗೆ ದಾಖಲೆಯನ್ನು ನೋಡಲು ಶಾಲೆಯು ಅವಕಾಶ ಮಾಡಿಕೊಡಬೇಕು. ಹುಡುಕಿ ತೆಗೆದದ್ದಕ್ಕೆ ಶುಲ್ಕ ಕೇಳುವಂತಿಲ್ಲ. ಪ್ರತಿ ಮಾಡಿಕೊಡಲು ಮಾತ್ರ ಕೇಳಬಹುದು. ದೂರದ ಊರಿಗೆ ಹೋಗಿರುವ ಕಾರಣದಿಂದ ಖುದ್ದಾಗಿ ಬಂದು ನೋಡಲು ಸಾಧ್ಯವಿಲ್ಲದವರಿಗೆ ಪ್ರತಿಯನ್ನು ಕಳುಹಿಸಬೇಕು, ಇಲ್ಲವೇ ನೋಡಲು ಬೇರೆ ಏರ್ಪಾಡು ಮಾಡಬೇಕು. ಮನವಿ ಬಾಕಿಯಿರುವಾಗ ಆ ದಾಖಲೆಯನ್ನು ನಾಶಮಾಡುವುದಕ್ಕೆ ನಿಷೇಧವಿದೆ.

ಇನ್ನೊಂದು ಅಂಶವು ವಿಶೇಷವಾಗಿ ಗಮನಾರ್ಹ. ದಾಖಲೆಯಲ್ಲಿರುವುದರ ಅರ್ಥವನ್ನು ವಿವರಿಸಿ ಹೇಳಬೇಕೆಂದು ಹೆತ್ತವರು ಕೇಳಿದರೆ, ನ್ಯಾಯಯುತವಾದ ಅಂತಹ ಕೋರಿಕೆಗೆ ಶಾಲೆಯು ಉತ್ತರಿಸಲೇಬೇಕು. ಅಂಕಗಳು ಹೆತ್ತವರಿಗೆ ಅರ್ಥವಾಗುವುದಿಲ್ಲವೆಂದು ಹಿಂದೆ ಬೀಗ ಹಾಕಲಾಗಿತ್ತಲ್ಲವೇ? ಅರ್ಥವಾಗದಿದ್ದರೆ ಅರ್ಥ ತಿಳಿಸುವುದು ನಿಮ್ಮ ಕರ್ತವ್ಯವೆಂದು ಕಾನೂನು ಶಾಲೆಗೇ ಹೇಳಿತು. ದಾಖಲೆಯಲ್ಲಿ ತಪ್ಪಿದ್ದರೆ ತಿದ್ದಲು ಕೇಳಬಹುದು. ಶಾಲೆ ಒಪ್ಪದಿದ್ದರೆ ವಿಚಾರಣೆ ಕೋರಬಹುದು. ಅಲ್ಲಿಯೂ ಸೋತರೆ ತಮ್ಮ ಹೇಳಿಕೆಯೊಂದನ್ನು ಬರೆದು ಕಡತದಲ್ಲಿ ಸೇರಿಸಬಹುದು. ಆ ಕಡತ ಇರುವಷ್ಟು ಕಾಲ ಆ ಹೇಳಿಕೆಯೂ ಅದರೊಡನೆ ಇರಬೇಕು.

ಹಕ್ಕಿಗೆ ಮೇರೆಗಳೂ ಉಂಟು. ಮಗುವಿಗೆ 18 ವರ್ಷ ತುಂಬಿದಾಗ, ಅಥವಾ ಕಾಲೇಜು ಸೇರಿದಾಗ, ಈ ಹಕ್ಕು ಹೆತ್ತವರಿಂದ ಮಗುವಿಗೇ ವರ್ಗವಾಗುತ್ತದೆ. ಶಿಕ್ಷಕರು ತಮ್ಮ ನೆನಪಿಗೆಂದು ಬರೆದು ತಮ್ಮಲ್ಲೇ ಇಟ್ಟುಕೊಂಡ ಟಿಪ್ಪಣಿಗಳನ್ನು ಕೇಳುವಂತಿಲ್ಲ. ಫೆಡರಲ್ ಶಿಕ್ಷಣ ಇಲಾಖೆಯ ಹಣ ಪಡೆಯದ ಶಾಲೆಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಅಲ್ಲಿನ ಧರ್ಮಕೇಂದ್ರಗಳ ಶಾಲೆಗಳು ಸಾಮಾನ್ಯವಾಗಿ ಈ ವರ್ಗಕ್ಕೆ ಸೇರುತ್ತವೆ. ಅಂತಹ ಕಡೆ ಶಾಲೆಯ ನಿಯಮವನ್ನೂ ಸೌಜನ್ಯವನ್ನೂ ನೆಚ್ಚಬೇಕಾಗುತ್ತದೆ. ಕಾನೂನನ್ನು ಶಾಲೆ ಮುರಿದರೆ ಇಲಾಖೆಗೆ 180 ದಿನಗಳೊಳಗೆ ದೂರು ಕೊಡಬಹುದು. ಆದರೆ ಈ ಕಾಯಿದೆಯ ಆಧಾರದಿಂದಲೇ ವ್ಯಕ್ತಿಗಳು ಶಾಲೆಯ ಮೇಲೆ ದಾವೆ ಹೂಡುವಂತಿಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪು ನೀಡಿದೆ.

ಅದೇ 2002ರ ಜನವರಿಯಲ್ಲಿ ಜಾರಿಗೆ ಬಂದ ಇನ್ನೊಂದು ಕಾನೂನು, ಸರ್ಕಾರಿ ಶಾಲೆಗಳಲ್ಲಿ 3ರಿಂದ 8ನೆಯ ತರಗತಿಯವರೆಗೆ ಪ್ರತಿವರ್ಷವೂ, ಪ್ರೌಢಶಾಲೆಯಲ್ಲಿ ಒಮ್ಮೆಯೂ ಓದು ಮತ್ತು ಗಣಿತದಲ್ಲಿ ರಾಜ್ಯಮಟ್ಟದ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಪ್ರತಿ ಮಗುವಿನ ಫಲಿತಾಂಶದ ವರದಿಯೂ ಹೆತ್ತವರಿಗೆ ತಲುಪಬೇಕೆಂದು ವಿಧಿಸಿತು. 2015ರಲ್ಲಿ ಆ ಕಾನೂನು ಬದಲಾದರೂ ಈ ವಿಧಿ ಉಳಿದುಕೊಂಡಿದೆ. ಆದ್ದರಿಂದ ರಾಜ್ಯ ಪರೀಕ್ಷೆಯ ಹಳೆಯ ಅಂಕಗಳಿಗಾಗಿ ಶಾಲೆ, ಜಿಲ್ಲಾ ಕಚೇರಿ, ಅನಂತರ ರಾಜ್ಯದ ಶಿಕ್ಷಣ ಇಲಾಖೆ ಎಂಬ ಕ್ರಮದಲ್ಲಿ ಹುಡುಕುವುದು ವಾಡಿಕೆ. ಶಾಲೆಯೇ ಮುಚ್ಚಿಹೋಗಿದ್ದರೂ ಅದರ ಕಡತಗಳು ಜಿಲ್ಲಾ ಕಚೇರಿಯಲ್ಲಿ ಸಿಗುವ ಸಂಭವವಿದೆ. ಆದರೆ ಪ್ರತಿಯೊಂದು ಅಂಕವನ್ನೂ ಎಷ್ಟು ವರ್ಷ ಉಳಿಸಬೇಕೆಂಬುದನ್ನು ಫರ್ಪಾ ನಿಗದಿಪಡಿಸಿಲ್ಲ. ಅದು ರಾಜ್ಯ ಮತ್ತು ಜಿಲ್ಲೆಗಳ ನಿಯಮಕ್ಕೆ ಬಿಟ್ಟದ್ದು. ಹೀಗಾಗಿ ಮನೆಗೆ ಬಂದ ವರದಿಯನ್ನು ಜೋಪಾನವಾಗಿಡುವುದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ. ನಮ್ಮ ತಾಯಂದಿರ ಕಬ್ಬಿಣದ ಪೆಟ್ಟಿಗೆಯ ವಿವೇಕ ಅಲ್ಲಿಯೂ ಸಲ್ಲುತ್ತದೆ.

ಪರೀಕ್ಷಕರನ್ನೇ ಪರೀಕ್ಷಿಸಿದ ಮಕ್ಕಳು

ಶಾಲೆಯ ಕಡತವೇನೋ ತೆರೆಯಿತು. ಆದರೆ ಕಾಲೇಜು ಪ್ರವೇಶಕ್ಕೆ ಹೊರಗಿನ ಸಂಸ್ಥೆಗಳು ನಡೆಸುವ ಪರೀಕ್ಷೆಗಳ ಕಥೆ ಬೇರೆ. 1926ರಲ್ಲಿ ಆರಂಭವಾದ 'ಸ್ಯಾಟ್' ಪರೀಕ್ಷೆಯ ಅಂಕಗಳನ್ನು ಮೊದಲ ಮೂರು ದಶಕಗಳ ಕಾಲ ನೇರವಾಗಿ ವಿದ್ಯಾರ್ಥಿಗಳಿಗೆ ಕಳುಹಿಸುತ್ತಿರಲಿಲ್ಲ; ಕಾಲೇಜುಗಳಿಗೂ ಶಾಲೆಗಳಿಗೂ ಮಾತ್ರ ಕಳುಹಿಸುತ್ತಿದ್ದರು. 1958ರಲ್ಲಿ ಆ ಪದ್ಧತಿ ಬದಲಾಯಿತು. ಆಗಲೂ ಅಂಕ ತಿಳಿಯುತ್ತಿತ್ತೇ ಹೊರತು, ಯಾವ ಪ್ರಶ್ನೆಯ ಉತ್ತರ ತಪ್ಪಾಯಿತೆಂಬುದು ತಿಳಿಯುತ್ತಿರಲಿಲ್ಲ. 1979ರಲ್ಲಿ ನ್ಯೂಯಾರ್ಕ್ ರಾಜ್ಯವು ಇದಕ್ಕಾಗಿಯೇ ಕಾನೂನೊಂದನ್ನು ಮಾಡಿ, ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಗಳನ್ನೂ ಸರಿಯುತ್ತರಗಳನ್ನೂ ತೋರಿಸಬೇಕೆಂದು ವಿಧಿಸಿತು. ಪರೀಕ್ಷಾ ಸಂಸ್ಥೆಗಳು ಅದನ್ನು ಬಲವಾಗಿ ವಿರೋಧಿಸಿದ್ದವು.

ಇದರ ಫಲ ಬಹು ಬೇಗ ಕಂಡಿತು. 1980ರ ಅಕ್ಟೋಬರಿನಲ್ಲಿ ನಡೆದ ಪೂರ್ವಸಿದ್ಧತಾ ಸ್ಯಾಟ್ ಪರೀಕ್ಷೆಯಲ್ಲಿ ರೇಖಾಗಣಿತದ ಪ್ರಶ್ನೆಯೊಂದಿತ್ತು. ಚೌಕ ತಳವುಳ್ಳ ಐದು ಮುಖಗಳ ಪಿರಮಿಡ್ ಒಂದು, ತ್ರಿಕೋನಗಳಿಂದಲೇ ಆದ ನಾಲ್ಕು ಮುಖಗಳ ಪಿರಮಿಡ್ ಇನ್ನೊಂದು; ತ್ರಿಕೋನಗಳೆಲ್ಲ ಒಂದೇ ಅಳತೆಯವು. ತ್ರಿಕೋನಕ್ಕೆ ತ್ರಿಕೋನ ಕೂಡುವಂತೆ ಇವೆರಡನ್ನೂ ಅಂಟಿಸಿದರೆ ಹೊರಗೆ ಕಾಣುವ ಮುಖಗಳೆಷ್ಟು? ಐದು ಮತ್ತು ನಾಲ್ಕು ಸೇರಿ ಒಂಬತ್ತು, ಅಂಟಿದ ಎರಡನ್ನು ಕಳೆದರೆ ಏಳು ಎಂಬುದು ಪರೀಕ್ಷಾ ಸಂಸ್ಥೆಯ ಉತ್ತರ. ಫ್ಲಾರಿಡಾ ರಾಜ್ಯದ ಹುಡುಗನೊಬ್ಬ ಐದು ಎಂದು ಗುರುತು ಹಾಕಿದ್ದ. ಪ್ರಕಟವಾದ ಉತ್ತರವನ್ನು ನೋಡಿದ ಮೇಲೂ ಅವನು ತನ್ನ ಉತ್ತರವನ್ನು ಬಿಡಲಿಲ್ಲ. ಮಾದರಿಯನ್ನು ಮಾಡಿ ನೋಡಿದ. ಅಂಟಿಸಿದಾಗ ಎರಡು ಕಡೆಗಳಲ್ಲಿ ಅಕ್ಕಪಕ್ಕದ ತ್ರಿಕೋನಗಳು ಒಂದೇ ಸಮತಲವಾಗಿ ಕೂಡಿಕೊಳ್ಳುತ್ತವೆ. ಆದ್ದರಿಂದ ಉಳಿಯುವುದು ಐದೇ ಮುಖ. ಅವನ ತಂದೆ ಇದನ್ನು ಸಂಸ್ಥೆಯ ಗಮನಕ್ಕೆ ತಂದರು. ಹುಡುಗನದೇ ಸರಿಯೆಂದು 1981ರಲ್ಲಿ ಸಂಸ್ಥೆಯು ಒಪ್ಪಿಕೊಂಡು, ಎರಡು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಹೆಚ್ಚಿಸಬೇಕಾಯಿತು.

ಇದಕ್ಕಿಂತಲೂ ಮನಕಲಕುವ ಘಟನೆ ನಡೆದದ್ದು 2000ದಲ್ಲಿ, ಮಿನೆಸೋಟ ರಾಜ್ಯದಲ್ಲಿ. ಅಲ್ಲಿ ಪ್ರೌಢಶಾಲೆಯ ಪದವಿಪತ್ರ ಪಡೆಯಲು ಗಣಿತದ ಮೂಲಮಟ್ಟದ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಬೇಕಿತ್ತು. ನ್ಯಾಯವಾದಿಯಾಗಿದ್ದ ತಂದೆಯೊಬ್ಬರ ಮಗಳು ಸ್ವಲ್ಪದರಲ್ಲಿ ಅನುತ್ತೀರ್ಣಳಾದಳೆಂಬ ಫಲಿತಾಂಶ ಬಂದಿತು. ಮುಂದಿನ ಬಾರಿ ಅವಳಿಗೆ ಯಾವುದರಲ್ಲಿ ನೆರವಾಗಬೇಕೆಂದು ತಿಳಿಯುವುದಕ್ಕಾಗಿ ಅವಳ ಉತ್ತರಗಳನ್ನು ನೋಡಬೇಕೆಂದು ತಂದೆ ಕೇಳಿದರು. ಅವಕಾಶ ಸುಲಭವಾಗಿ ದೊರೆಯಲಿಲ್ಲ. ಪಟ್ಟು ಬಿಡದೆ ಕೇಳಿದ ಮೇಲೆ, ಇಲಾಖೆಯ ಸಿಬ್ಬಂದಿಯ ಜೊತೆ ಕುಳಿತು ಒಂದೊಂದೇ ಉತ್ತರವನ್ನು ತಾಳೆ ನೋಡಿದಾಗ ಸತ್ಯ ಹೊರಬಿದ್ದಿತು. ಅಂಕ ಎಣಿಸಲು ಬಳಸಿದ ಉತ್ತರಸೂಚಿಯಲ್ಲೇ ಕೆಲವು ಉತ್ತರಗಳು ತಪ್ಪಾಗಿದ್ದವು.

ಪರಿಶೀಲನೆ ಮುಂದುವರಿಯಿತು. ಅರ್ಹತೆಗಿಂತ ಕಡಿಮೆ ಅಂಕ ಪಡೆದವರು ಹತ್ತಾರು ಸಾವಿರ ಮಕ್ಕಳು. ತೇರ್ಗಡೆಯಾಗಿದ್ದರೂ ಅನುತ್ತೀರ್ಣರೆಂದು ಘೋಷಿತರಾದವರು ಸುಮಾರು ಎಂಟು ಸಾವಿರ. ಪದವಿ ಪ್ರದಾನ ಸಮಾರಂಭದಲ್ಲಿ ಗೆಳೆಯರೊಡನೆ ವೇದಿಕೆ ಏರಲಾಗದೆ ಹೋದವರೂ ಅವರಲ್ಲಿದ್ದರು. ಮೌಲ್ಯಮಾಪನ ಮಾಡಿದ ಕಂಪನಿಯು ಕ್ಷಮೆ ಕೇಳಿತು. 2002ರಲ್ಲಿ ಪರಿಹಾರ ನೀಡಲು ಒಪ್ಪಿತು. ಆದರೆ ಕಳೆದುಹೋದ ಆ ಸಂಜೆಯನ್ನು ಯಾವ ಪರಿಹಾರವೂ ಮರಳಿಸಲಾರದು. ಇಡೀ ರಾಜ್ಯದ ವ್ಯವಸ್ಥೆ ಗಮನಿಸದ ತಪ್ಪು ಹೊರಬಂದದ್ದು ಒಬ್ಬ ತಂದೆ ಮಗಳ ಉತ್ತರಪತ್ರಿಕೆಯನ್ನು ತೋರಿಸಿರೆಂದು ಕೇಳಿದ್ದರಿಂದ. ಅವರು ಕೇಳಿದ್ದು ಜಗಳಕ್ಕಾಗಿ ಅಲ್ಲ, ಮಗಳಿಗೆ ಪಾಠ ಹೇಳಿಕೊಡುವುದಕ್ಕಾಗಿ ಎಂಬುದನ್ನು ನಾವು ಮರೆಯದಿರೋಣ.

ನಮ್ಮ ನಾಡಿನ ನಡಿಗೆ

ನಮ್ಮ ದೇಶದಲ್ಲಿಯೂ ಇಂತಹದೇ ಪಯಣವೊಂದು ನಡೆದಿದೆ. 1984ರಲ್ಲಿ ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಉತ್ತರಪತ್ರಿಕೆಯನ್ನು ನೋಡುವ ಅವಕಾಶವನ್ನು ನಿರಾಕರಿಸಿದ್ದ ನಿಯಮವನ್ನು ಎತ್ತಿಹಿಡಿದಿತ್ತು. ಲಕ್ಷಾಂತರ ಪತ್ರಿಕೆಗಳನ್ನು ತೋರಿಸುತ್ತಾ ಕುಳಿತರೆ ಪರೀಕ್ಷಾ ವ್ಯವಸ್ಥೆಯೇ ಕುಸಿದೀತೆಂಬ ಆತಂಕ ಅಂದಿನದು. 2005ರಲ್ಲಿ ಮಾಹಿತಿ ಹಕ್ಕು ಕಾಯಿದೆ ಬಂದ ಮೇಲೆ ಪ್ರಶ್ನೆಯು ಹೊಸ ರೂಪದಲ್ಲಿ ಮತ್ತೆ ಎದ್ದಿತು. 2011ರ ಆಗಸ್ಟ್ 9ರಂದು ಸರ್ವೋಚ್ಚ ನ್ಯಾಯಾಲಯವು ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯ ಪ್ರಕರಣದಲ್ಲಿ ತೀರ್ಪು ನೀಡಿ, ಮೌಲ್ಯಮಾಪನಗೊಂಡ ಉತ್ತರಪತ್ರಿಕೆಯೂ ಮಾಹಿತಿಯೇ. ಅದನ್ನು ನೋಡುವ, ಅದರ ಪ್ರತಿ ಪಡೆಯುವ ಹಕ್ಕು ಪರೀಕ್ಷೆ ಬರೆದವನಿಗೆ ಇದೆಯೆಂದು ಸಾರಿತು. ಆ ತೀರ್ಪನ್ನು ಬರೆದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿ ಸೇವೆ ಸಲ್ಲಿಸಿದವರು.

ಆ ತೀರ್ಪಿನಲ್ಲಿಯೂ ಎರಡು ಮೇರೆಗಳಿವೆ. ಪರೀಕ್ಷಾ ಮಂಡಳಿಯು ಉತ್ತರಪತ್ರಿಕೆಯನ್ನು ಉಳಿಸಿಕೊಳ್ಳಬೇಕಾದ ಅವಧಿಯವರೆಗೆ ಮಾತ್ರ ಈ ಹಕ್ಕು. ಮೌಲ್ಯಮಾಪಕರ ಹೆಸರನ್ನು ತಿಳಿಯುವಂತಿಲ್ಲ. ಆದ್ದರಿಂದ ಸಂಶಯ ಬಂದವರು ತಡಮಾಡದೆ ಕೇಳಬೇಕು. ನಮ್ಮ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆಸುವ ಮಂಡಳಿಯೂ ನಿಗದಿತ ಶುಲ್ಕ ಪಡೆದು ಉತ್ತರಪತ್ರಿಕೆಯ ಪ್ರತಿಯನ್ನು ನೀಡುತ್ತದೆ. ಅನಂತರ ಮರುಮೌಲ್ಯಮಾಪನಕ್ಕೆ ಅರ್ಜಿ ಸಲ್ಲಿಸಬಹುದು. ಇವುಗಳ ಕೊನೆಯ ದಿನಾಂಕಗಳು ಫಲಿತಾಂಶದ ಬೆನ್ನಿಗೇ ಬರುತ್ತವೆಂಬುದನ್ನು ನೆನಪಿಡುವುದು ಒಳಿತು. ಅಂಕಪಟ್ಟಿಯೇ ಕಳೆದುಹೋಗಿದ್ದರೆ ಎರಡನೆಯ ಪ್ರತಿಯನ್ನು ಪಡೆಯಲೂ ದಾರಿಯಿದೆ.

ಅಂಕವನ್ನು ಓದುವ ಬಗೆ

ಬೀಗವೇನೋ ತೆರೆಯಿತು. ಒಳಗಿರುವುದನ್ನು ಓದಲು ನಾವು ಕಲಿತಿದ್ದೇವೆಯೇ? ಅಮೆರಿಕದ ವರದಿಗಳಲ್ಲಿ 'ಪರ್ಸೆಂಟೈಲ್' ಎಂಬ ಮಾತು ಬರುತ್ತದೆ. ನಮ್ಮ ಜೆ.ಇ.ಇ. ಪರೀಕ್ಷೆಯಲ್ಲಿಯೂ 2019ರಿಂದ ಅದು ಬಳಕೆಯಲ್ಲಿದೆ. ಮಗುವಿಗೆ 60 ಪರ್ಸೆಂಟೈಲ್ ಬಂದಿತೆಂದರೆ ನೂರಕ್ಕೆ 60 ಅಂಕ ಬಂದಿತೆಂದು ಅರ್ಥವಲ್ಲ. ಹೋಲಿಸಿದ ನೂರು ಮಕ್ಕಳಲ್ಲಿ ಸುಮಾರು 60 ಮಕ್ಕಳ ಸಮಕ್ಕೆ ಅಥವಾ ಅವರಿಗಿಂತ ಮುಂದಿದೆಯೆಂದು ಅರ್ಥ. ಎಲ್ಲ ಪ್ರಶ್ನೆಗಳೂ ಸುಲಭವಾಗಿದ್ದರೆ ನೂರಕ್ಕೆ 80 ಅಂಕ ಪಡೆದ ಮಗುವೂ 40ನೆಯ ಪರ್ಸೆಂಟೈಲಿನಲ್ಲಿ ನಿಲ್ಲಬಹುದು. ಒಂದು ದಿನದ ಜ್ವರ, ಒಂದು ರಾತ್ರಿಯ ನಿದ್ದೆಗೇಡು ಕೂಡ ಅಂಕವನ್ನು ಏರಿಳಿಸಬಲ್ಲದು. ಆದ್ದರಿಂದಲೇ ಒಂದು ವರ್ಷದ ಅಂಕಕ್ಕಿಂತ ಹಲವು ವರ್ಷಗಳ ಅಂಕಗಳನ್ನು ಸಾಲಾಗಿ ಇಟ್ಟು ನೋಡಬೇಕು. ಹಳೆಯ ಅಂಕಗಳನ್ನು ಹುಡುಕಿ ತರುವುದರ ನಿಜವಾದ ಪ್ರಯೋಜನವಿರುವುದು ಇಲ್ಲಿಯೇ. ಮೂರನೆಯ ತರಗತಿಯಲ್ಲಿ ಚೆನ್ನಾಗಿದ್ದ ಓದು ಐದರಲ್ಲಿ ಏಕೆ ಕುಸಿಯಿತು? ಆ ವರ್ಷ ಮನೆಯಲ್ಲಿ ಏನು ನಡೆದಿತ್ತು? ಮಗುವಿನ ಕಣ್ಣಿನ ದೃಷ್ಟಿ ಮಂದವಾಗಿತ್ತೇ? ಊರು ಬದಲಾಗಿತ್ತೇ? ಇಂತಹ ಪ್ರಶ್ನೆಗಳನ್ನು ಕೇಳಿಸುವ ಅಂಕಪಟ್ಟಿಯು ಹೆತ್ತವರಿಗೆ ಹಿತೈಷಿಯಿದ್ದಂತೆ.

ಅದೇ ಅಂಕಪಟ್ಟಿಯನ್ನು ಮಗುವನ್ನು ಹಳಿಯಲು ಬಳಸಿದರೆ, ಹಿಂದಿನ ಶಾಲೆಗಳು ಅಂಜಿದ್ದೇ ಸರಿಯೆಂದು ನಾವೇ ಸಾಧಿಸಿ ತೋರಿಸಿದಂತಾಗುತ್ತದೆ. ಮಗುವಿಗೆ 18 ತುಂಬಿದಾಗ ಹಕ್ಕು ಅದಕ್ಕೇ ಸೇರುತ್ತದೆಂಬ ಅಮೆರಿಕದ ನಿಯಮದಲ್ಲಿ ನಮಗೂ ಒಂದು ಪಾಠವಿದೆ. ಅಂಕವು ಮೊದಲಿನಿಂದಲೂ ಮಗುವಿನದೇ. ಮಗು ಬೆಳೆಯುವವರೆಗೆ ನಾವು ಅದನ್ನು ಕಾಯುವವರು. ಬಾಸ್ಟನ್ನಿನ ಶಾಲೆಯಲ್ಲಿ, ಮಾಂಟೆರೆಯ ತರಗತಿಯಲ್ಲಿ, ಮಿನೆಸೋಟದ ಕಚೇರಿಯಲ್ಲಿ ಅಂಕಗಳ ಹಿಂದೆ ಮಕ್ಕಳಿದ್ದರು. ಈ ಬೇಸಿಗೆಯಲ್ಲಿ ಫಲಿತಾಂಶಗಳು ಬಂದಾಗ ನಿಮ್ಮ ಮನೆಯ ಮಗು ಸಪ್ಪೆ ಮೋರೆ ಹಾಕಿಕೊಂಡು ಬಂದರೆ, ಮೊದಲು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಸಂಶಯವಿದ್ದರೆ ಉತ್ತರಪತ್ರಿಕೆಯ ಪ್ರತಿ ತರಿಸಿರಿ. ಅದನ್ನು ಮಗುವಿನ ಜೊತೆಯಲ್ಲಿಯೇ ಓದಿರಿ.